ಓದು ನಿಲ್ಲದಿರಲಿ: ವಿದ್ಯಾರ್ಥಿವೇತನ, ಸಾಲ, ಉದ್ಯೋಗ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ದ್ವಿತೀಯ ಪಿಯುಸಿ ಫಲಿತಾಂಶ ಬಂದು ಕಾಲೇಜುಗಳಲ್ಲಿ ಪ್ರವೇಶ ಆರಂಭವಾದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಓದಿನ ಖರ್ಚಿಗೆ ಸಂಬಂಧಿಸಿದವು. ಅವುಗಳಲ್ಲಿ ಕೆಲವನ್ನು ಸಂಕ್ಷೇಪಿಸಿ, ಬರೆದವರ ಹೆಸರು ಬಿಟ್ಟು, ಇಲ್ಲಿ ಉತ್ತರಿಸಲಾಗಿದೆ. ಈ ಪತ್ರಗಳನ್ನೆಲ್ಲ ಒಟ್ಟಿಗೆ ಓದಿದಾಗ ಒಂದು ಸಂಗತಿ ಮನಸ್ಸಿಗೆ ನಾಟುತ್ತದೆ. ನೆರವು ತಪ್ಪಿಹೋದವರಲ್ಲಿ ಅರ್ಹತೆ ಇಲ್ಲದವರು ಕಡಿಮೆ. ಹೆಸರಿನ ಒಂದು ಅಕ್ಷರ, ಬ್ಯಾಂಕಿನ ಒಂದು ಜೋಡಣೆ, ಕೊನೆಯ ದಿನಾಂಕ ದಾಟಿದ ಮೇಲೆ ತಿಳಿದ ಒಂದು ವಿಷಯ, ಇಂಥವುಗಳಿಂದಲೇ ಬಹಳ ಮಂದಿ ಹಕ್ಕಿನ ಹಣವನ್ನು ಕಳೆದುಕೊಳ್ಳುತ್ತಿದ್ದಾರೆ. ಆದ್ದರಿಂದ ಯೋಜನೆಗಳ ಹೆಸರಿಗಿಂತ ಅವು ಕೈಗೆ ಸಿಗುವ ದಾರಿಯ ಬಗ್ಗೆ ಇಲ್ಲಿ ಹೆಚ್ಚು ಬರೆಯಲಾಗಿದೆ.

ಪ್ರಶ್ನೆ: ನಾನು ಪ್ರವರ್ಗ 2ಎಗೆ ಸೇರಿದ, ಬಿ.ಕಾಂ. ಎರಡನೇ ವರ್ಷದ ವಿದ್ಯಾರ್ಥಿನಿ. ಕಳೆದ ವರ್ಷ ವಿದ್ಯಾರ್ಥಿವೇತನಕ್ಕಾಗಿ ಎಸ್‌ಎಸ್‌ಪಿ ಜಾಲತಾಣದಲ್ಲಿ ಅರ್ಜಿ ಹಾಕಿದ್ದೆ. ಅರ್ಜಿ ಮಂಜೂರಾಗಿದೆ ಎಂದು ತೋರಿಸುತ್ತಿದೆ, ಆದರೆ ನನ್ನ ಖಾತೆಗೆ ಒಂದು ರೂಪಾಯಿಯೂ ಬಂದಿಲ್ಲ. ಬ್ಯಾಂಕಿನಲ್ಲಿ ಕೇಳಿದರೆ ‘ಆಧಾರ್ ಲಿಂಕ್ ಆಗಿದೆ’ ಎನ್ನುತ್ತಾರೆ. ಗೆಳತಿಯರಿಗೆಲ್ಲ ಹಣ ಬಂದಿದೆ. ನನಗೇಕೆ ಬಂದಿಲ್ಲ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಹಣ ಬೇರೊಂದು ಖಾತೆಗೆ ಹೋಗಿ ಕುಳಿತಿರುವ ಸಾಧ್ಯತೆ ಬಹಳ ಇದೆ. ಸರ್ಕಾರ ವಿದ್ಯಾರ್ಥಿವೇತನವನ್ನು ಖಾತೆ ಸಂಖ್ಯೆ ನೋಡಿ ಕಳುಹಿಸುವುದಿಲ್ಲ, ಆಧಾರ್ ಸಂಖ್ಯೆ ನೋಡಿ ಕಳುಹಿಸುತ್ತದೆ. ಯಾವ ಆಧಾರ್ ಸಂಖ್ಯೆಯ ಹಣ ಯಾವ ಬ್ಯಾಂಕಿಗೆ ಹೋಗಬೇಕು ಎಂಬ ಪಟ್ಟಿ ಎನ್‌ಪಿಸಿಐ ಎಂಬ ಸಂಸ್ಥೆಯ ಬಳಿ ಇರುತ್ತದೆ. ಆ ಪಟ್ಟಿಯಲ್ಲಿ ಒಬ್ಬರ ಆಧಾರ್‌ಗೆ ಒಂದೇ ಬ್ಯಾಂಕ್ ಇರಲು ಸಾಧ್ಯ. ಕೊನೆಯಲ್ಲಿ ಯಾವ ಬ್ಯಾಂಕನ್ನು ಜೋಡಿಸಿದ್ದೀರೋ ಅದೇ ಉಳಿಯುತ್ತದೆ. ಮೊಬೈಲ್ ಸಿಮ್ ಕೊಳ್ಳುವಾಗ ಅಂಗಡಿಯವರು ಬೆರಳಚ್ಚು ಪಡೆದು ಪೇಮೆಂಟ್ಸ್ ಬ್ಯಾಂಕಿನಲ್ಲಿ ಒಂದು ಖಾತೆ ತೆರೆದುಬಿಡುವುದುಂಟು. ವಿದ್ಯಾರ್ಥಿಗೆ ಅಂಥ ಖಾತೆ ಇರುವುದೇ ಗೊತ್ತಿರುವುದಿಲ್ಲ, ಹಣ ಮಾತ್ರ ಅಲ್ಲಿಗೆ ಹೋಗುತ್ತಿರುತ್ತದೆ.

ಬ್ಯಾಂಕಿನವರು ‘ಲಿಂಕ್ ಆಗಿದೆ’ ಎಂದದ್ದೂ ಸುಳ್ಳಲ್ಲ. ಗ್ರಾಹಕರ ಗುರುತಿಗಾಗಿ ಆಧಾರ್ ಸಂಖ್ಯೆಯನ್ನು ಖಾತೆಗೆ ಸೇರಿಸುವುದು ಒಂದು ಕೆಲಸ, ಸರ್ಕಾರದ ಹಣ ಬರಲು ಎನ್‌ಪಿಸಿಐ ಪಟ್ಟಿಗೆ ಸೇರಿಸುವುದು ಇನ್ನೊಂದು ಕೆಲಸ. ಮೊದಲನೆಯದು ಆಗಿದ್ದ ಮಾತ್ರಕ್ಕೆ ಎರಡನೆಯದು ಆಗಿರಬೇಕೆಂದಿಲ್ಲ. ‘ಮೈ ಆಧಾರ್’ ಜಾಲತಾಣಕ್ಕೆ ಹೋಗಿ, ಆಧಾರ್ ಸಂಖ್ಯೆ ಮತ್ತು ಮೊಬೈಲಿಗೆ ಬರುವ ಒಟಿಪಿ ಕೊಟ್ಟು, ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಎಂಬಲ್ಲಿ ಒತ್ತಿದರೆ ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಮತ್ತು ಅದು ಸಕ್ರಿಯವಾಗಿದೆಯೇ ಎಂಬುದು ತಕ್ಷಣ ಕಾಣುತ್ತದೆ. ಅಲ್ಲಿ ಬೇರೆ ಬ್ಯಾಂಕಿನ ಹೆಸರಿದ್ದರೆ ಮೊದಲು ಆ ಬ್ಯಾಂಕಿನ ಖಾತೆಯಲ್ಲಿ ಹಣ ಇದೆಯೇ ಎಂದು ವಿಚಾರಿಸಿ. ಅನಂತರ ನಿಮ್ಮ ಬ್ಯಾಂಕಿನಲ್ಲಿ ‘ಡಿಬಿಟಿಗಾಗಿ ಎನ್‌ಪಿಸಿಐ ಜೋಡಣೆ’ ಎಂದು ಸ್ಪಷ್ಟವಾಗಿ ಬರೆದು ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಿರಿ (ಡಿಬಿಟಿ ಎಂದರೆ ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವ ವ್ಯವಸ್ಥೆ). ಜೋಡಣೆ ನಿಷ್ಕ್ರಿಯವಾಗಿದ್ದರೂ ಇದೇ ದಾರಿ.

ಇನ್ನು ಈ ವರ್ಷದ ಅರ್ಜಿಯ ವಿಷಯ. ರಾಜ್ಯ ವಿದ್ಯಾರ್ಥಿವೇತನ ಜಾಲತಾಣ, ಅಂದರೆ ಎಸ್‌ಎಸ್‌ಪಿ, ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಮುಂತಾದ ಇಲಾಖೆಗಳ ಮೆಟ್ರಿಕ್ ನಂತರದ ನೆರವಿಗೆ ಒಂದೇ ಬಾಗಿಲು. ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಅಲ್ಲಿ ನಮೂದಿಸಬೇಕು. ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ. ಪಿಯುಸಿಗೆ ಸೇರುವ ಮುಂಚೆ ಮಾಡಿಸಿದ್ದು ಪದವಿಯ ನಡುವೆ ಮುಗಿದುಹೋಗುವುದು ಸಾಮಾನ್ಯ, ಆದ್ದರಿಂದ ದಿನಾಂಕವನ್ನು ಈಗಲೇ ನೋಡಿಕೊಳ್ಳಿ. ಪ್ರಮಾಣಪತ್ರದಲ್ಲಿರುವ ಹೆಸರು, ಆಧಾರ್‌ನಲ್ಲಿರುವ ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರು ಒಂದೇ ರೀತಿ ಇರಬೇಕು. ತಂದೆಯ ಹೆಸರಿನ ಮೊದಲಕ್ಷರ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದ ಮಾತ್ರಕ್ಕೆ ತಿಂಗಳುಗಟ್ಟಲೆ ಕಾಯುವ ಮಕ್ಕಳಿದ್ದಾರೆ. ಅಧ್ಯಯನ ಪ್ರಮಾಣಪತ್ರ, ಶುಲ್ಕದ ರಸೀದಿಯಂಥ ದಾಖಲೆಗಳಿಗೆ ನಿಮ್ಮ ಕಾಲೇಜಿನಲ್ಲಿ ನೇಮಕವಾಗಿರುವ ಅಧಿಕಾರಿಯಿಂದ ಇ-ದೃಢೀಕರಣ ಮಾಡಿಸಬೇಕು. ಈ ಒಂದು ಹಂತಕ್ಕಾಗಿಯೇ ಕೊನೆಯ ವಾರದಲ್ಲಿ ಕಾಲೇಜು ಕಚೇರಿಯ ಮುಂದೆ ಸಾಲು ಹಚ್ಚುವುದರಿಂದ ತರಗತಿ ಆರಂಭವಾದ ಕೂಡಲೇ ಮುಗಿಸಿಕೊಳ್ಳುವುದು ಒಳ್ಳೆಯದು.

ನೀವು ಊರು ಬಿಟ್ಟು ಓದುತ್ತಿದ್ದು, ಸರ್ಕಾರಿ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿಲ್ಲದಿದ್ದರೆ ‘ವಿದ್ಯಾಸಿರಿ’ ಯೋಜನೆಗೂ ಅರ್ಹರಿರಬಹುದು. 2013-14ರಲ್ಲಿ ಆರಂಭವಾದ ಈ ಯೋಜನೆ ಊಟ ಮತ್ತು ವಸತಿಗಾಗಿ ತಿಂಗಳಿಗೆ 1,500 ರೂಪಾಯಿಯಂತೆ ವರ್ಷದಲ್ಲಿ 10 ತಿಂಗಳು ನೆರವು ನೀಡುವ ಉದ್ದೇಶದಿಂದ ಬಂದದ್ದು. ಹಿಂದೆ ನಮ್ಮ ಊರುಗಳಲ್ಲಿ ವಾರಾನ್ನದ ಮನೆಗಳೂ ಮಠಗಳ ಪ್ರಸಾದ ನಿಲಯಗಳೂ ಮಾಡಿದ ಕೆಲಸವನ್ನೇ ಇದು ಇನ್ನೊಂದು ರೂಪದಲ್ಲಿ ಮಾಡುತ್ತದೆ. ಪ್ರಸಾದ ನಿಲಯಗಳು ಇಂದಿಗೂ ಇವೆ, ತುಮಕೂರಿನ ಸಿದ್ಧಗಂಗೆಯಂಥ ಕಡೆ ಸಾವಿರಾರು ಮಕ್ಕಳು ಉಂಡು ಓದುತ್ತಿದ್ದಾರೆ. ಹಾಗೆ ಉಂಡು ಓದಿದವರು ಈ ನಾಡಿನ ಎಲ್ಲ ಕ್ಷೇತ್ರಗಳಲ್ಲೂ ಇದ್ದಾರೆ. ನೆರವು ಪಡೆಯಲು ಸಂಕೋಚ ಬೇಡ.

ಪ್ರಶ್ನೆ: ನನ್ನ ಮಗಳು ಒಂದನೇ ತರಗತಿಯಿಂದ ಪಿಯುಸಿವರೆಗೆ ಸರ್ಕಾರಿ ಶಾಲೆ, ಸರ್ಕಾರಿ ಕಾಲೇಜಿನಲ್ಲೇ ಓದಿ, ವಿಜ್ಞಾನ ವಿಭಾಗದಲ್ಲಿ ಒಳ್ಳೆಯ ಅಂಕ ಪಡೆದಿದ್ದಾಳೆ. ನಾವು ಸಾಮಾನ್ಯ ವರ್ಗದವರು. ಗಂಡ ತೀರಿಕೊಂಡಿದ್ದಾರೆ, ನಾನು ಗಾರೆ ಕೆಲಸಕ್ಕೆ ಹೋಗುತ್ತೇನೆ. ನಿಮ್ಮ ಜಾತಿಗೆ ಏನೂ ಸಿಗುವುದಿಲ್ಲ, ಗಾರ್ಮೆಂಟ್ಸಿಗೆ ಕಳಿಸು ಎಂದು ನೆಂಟರು ಹೇಳುತ್ತಿದ್ದಾರೆ. ಏನು ಮಾಡಲಿ?
– ಒಬ್ಬ ತಾಯಿ, ತಿಪಟೂರು

ಉತ್ತರ: ಅಮ್ಮಾ, ದಯವಿಟ್ಟು ಮಗಳ ಓದು ಬಿಡಿಸಬೇಡಿ. ನೆಂಟರ ಮಾತು ಸರಿಯಲ್ಲ. ಜಾತಿಯನ್ನು ಕೇಳದೆ ಕೊಡುವ ನೆರವುಗಳು ಹಲವು ಇವೆ, ಅವುಗಳಲ್ಲಿ ಕೆಲವಕ್ಕೆ ನಿಮ್ಮ ಮಗಳು ಹೇಳಿ ಮಾಡಿಸಿದ ಹಾಗೆ ಹೊಂದುತ್ತಾಳೆ.

ಮೊದಲನೆಯದು ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ. ಹತ್ತನೇ ತರಗತಿಯನ್ನೂ ಪಿಯುಸಿಯನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿ, ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿಯನ್ನು ಕೋರ್ಸ್ ಮುಗಿಯುವವರೆಗೆ ಕೊಡುತ್ತಾರೆ. ನಮ್ಮ ರಾಜ್ಯದಲ್ಲಿ 2025ರಿಂದ ಇದು ಸರ್ಕಾರದ ಸಹಯೋಗದಲ್ಲಿ ‘ದೀಪಿಕಾ’ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಅರ್ಜಿಗೆ ಶುಲ್ಕವಿಲ್ಲ. ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು ಎಂಬುದನ್ನು ಮರೆಯಬೇಡಿ, ಮುಂದಿನ ವರ್ಷ ನೋಡೋಣ ಎಂದರೆ ಅವಕಾಶ ಹೋಗುತ್ತದೆ.

ಎರಡನೆಯದು ಕೇಂದ್ರ ಸರ್ಕಾರದ ಕಾಲೇಜು ವಿದ್ಯಾರ್ಥಿಗಳ ವಿದ್ಯಾರ್ಥಿವೇತನ. ಇದಕ್ಕೆ ಅರ್ಜಿ ಹಾಕುವುದು ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣ, ಅಂದರೆ ಎನ್‌ಎಸ್‌ಪಿಯಲ್ಲಿ. ಪಿಯುಸಿಯಲ್ಲಿ ತಮ್ಮ ವಿಭಾಗದ ವಿದ್ಯಾರ್ಥಿಗಳ ಪೈಕಿ ಶೇ 80ರಷ್ಟು ಮಂದಿಗಿಂತ ಹೆಚ್ಚು ಅಂಕ ಪಡೆದಿರಬೇಕು, ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿಯೊಳಗೆ ಇರಬೇಕು. ಪದವಿಯ ಮೊದಲ 3 ವರ್ಷ ತಲಾ 12,000, ಸ್ನಾತಕೋತ್ತರ ಓದಿನಲ್ಲಿ ವರ್ಷಕ್ಕೆ 20,000 ರೂಪಾಯಿ. ಆದರೆ ಇದನ್ನು ಪಡೆಯುವವರು ಬೇರೆ ವಿದ್ಯಾರ್ಥಿವೇತನ ಪಡೆಯುವಂತಿಲ್ಲ ಎಂಬ ನಿಬಂಧನೆ ಇದೆ. ಎರಡೂ ಸಿಗುವಂತಿದ್ದರೆ ಯಾವುದು ಹೆಚ್ಚು ಎಂದು ಲೆಕ್ಕ ಹಾಕಿ ಆರಿಸಿಕೊಳ್ಳಬೇಕು. ಒಂದು ವೇಳೆ ಅವಳು ಎಂಜಿನಿಯರಿಂಗ್‌ಗೆ ಸೇರಿದರೆ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇಯ ‘ಪ್ರಗತಿ’ ವಿದ್ಯಾರ್ಥಿವೇತನ ಇದೆ: ಕುಟುಂಬದ ಆದಾಯ 8 ಲಕ್ಷದೊಳಗಿರುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ರೂಪಾಯಿ, ಒಂದು ಮನೆಯಲ್ಲಿ ಇಬ್ಬರಿಗೆ ಮೀರದಂತೆ.

ಮೂರನೆಯದು ನಿಮ್ಮ ಕೆಲಸದಿಂದಲೇ ಬರುವ ಹಕ್ಕು. ಗಾರೆ ಕೆಲಸ ಮಾಡುವ ನೀವು ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡು ಕಾರ್ಡ್ ಪಡೆದಿದ್ದರೆ ಮಕ್ಕಳ ಓದಿಗೆ ಮಂಡಳಿಯಿಂದ ಸಹಾಯಧನ ಕೇಳಬಹುದು. ಕಾರ್ಡ್ ಇಲ್ಲದಿದ್ದರೆ ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿ. ಕಾರ್ಡ್ ಇದ್ದರೂ ನವೀಕರಣವಾಗದೆ ಅನೇಕರಿಗೆ ಈ ನೆರವು ತಪ್ಪುತ್ತದೆ. ಕಾಲೇಜು ಶಿಕ್ಷಣ ಇಲಾಖೆಯ ‘ಸಂಚಿ ಹೊನ್ನಮ್ಮ’, ‘ಸರ್ ಸಿ.ವಿ. ರಾಮನ್’ ವಿದ್ಯಾರ್ಥಿವೇತನಗಳ ಬಗ್ಗೆಯೂ ಕಾಲೇಜಿನಲ್ಲಿ ಕೇಳಿ. ಮೊತ್ತ ದೊಡ್ಡದಲ್ಲ, ಪುಸ್ತಕದ ಖರ್ಚಿಗಾಗುತ್ತದೆ. ನೀವು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸ್ವಸಹಾಯ ಸಂಘದ ಸದಸ್ಯರಾಗಿದ್ದರೆ, ವೃತ್ತಿಪರ ಕೋರ್ಸ್ ಓದುವ ಮಕ್ಕಳಿಗಿರುವ ‘ಸುಜ್ಞಾನನಿಧಿ’ಯ ಬಗ್ಗೆ ಸೇವಾಪ್ರತಿನಿಧಿಯನ್ನು ಕೇಳಿ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕವಿಲ್ಲ, ಸರ್ಕಾರಿ ಬಸ್ಸಿನ ಓಡಾಟವೂ 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ಉಚಿತ. ಮನೆಯಿಂದ ಹೋಗಿ ಬರುವಷ್ಟು ದೂರದಲ್ಲಿ ಒಳ್ಳೆಯ ಸರ್ಕಾರಿ ಕಾಲೇಜಿದ್ದರೆ ಬಿ.ಎಸ್ಸಿ.ಯ ನೇರ ಖರ್ಚು ಬಹಳ ಕಡಿಮೆ. ನೀವು ಭರಿಸಬೇಕಾದ ನಿಜವಾದ ಭಾರವೆಂದರೆ ಮಗಳು ಈಗಲೇ ದುಡಿದಿದ್ದರೆ ಬರುತ್ತಿದ್ದ ಸಂಬಳ ಮೂರು ವರ್ಷ ಮನೆಗೆ ಬಾರದಿರುವುದು. ಅದು ಚಿಕ್ಕ ಭಾರವಲ್ಲ ಎಂಬುದು ನನಗೆ ಗೊತ್ತಿದೆ. ಆದರೂ ಒಮ್ಮೆ ಕೆಲಸಕ್ಕೆ ಸೇರಿದ ಹುಡುಗಿ ಮತ್ತೆ ತರಗತಿಗೆ ಬರುವುದು ಎಷ್ಟು ಅಪರೂಪ ಎಂಬುದನ್ನು ನೀವೂ ಕಂಡಿರುತ್ತೀರಿ.

ಪ್ರಶ್ನೆ: ಸಿಇಟಿ ಮೂಲಕ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ನಾಲ್ಕು ವರ್ಷಕ್ಕೆ ಸುಮಾರು 4 ಲಕ್ಷ ರೂಪಾಯಿ ಸಾಲ ಬೇಕು. ಊರಿನ ಹತ್ತಿರದ ಬ್ಯಾಂಕಿನಲ್ಲಿ ಹೊಲದ ಪಹಣಿ ಇಟ್ಟರೆ ಮಾತ್ರ ಕೊಡುತ್ತೇವೆ ಎಂದರು. ಇನ್ನೊಂದು ಬ್ಯಾಂಕಿನಲ್ಲಿ ನಿಮ್ಮ ಊರು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂದರು. ಸಾಲ ಮಾಡುವುದೇ ತಪ್ಪೇ ಎಂಬ ಭಯವೂ ಇದೆ.
– ಓದುಗ, ಕಲಬುರಗಿ ಜಿಲ್ಲೆ

ಉತ್ತರ: ಎರಡೂ ಬ್ಯಾಂಕುಗಳ ಉತ್ತರ ನಿಯಮಕ್ಕೆ ವಿರುದ್ಧವಾಗಿದೆ. 4 ಲಕ್ಷ ರೂಪಾಯಿವರೆಗಿನ ಶೈಕ್ಷಣಿಕ ಸಾಲಕ್ಕೆ ಆಸ್ತಿಯ ಅಡಮಾನ ಕೇಳುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿರ್ದೇಶನ. ಬ್ಯಾಂಕುಗಳ ಮಾದರಿ ಯೋಜನೆಯ ಪ್ರಕಾರ ಈ ಮೊತ್ತಕ್ಕೆ ನೀವು ಕೈಯಿಂದ ಪಾಲು ಹಾಕಬೇಕಾಗಿಯೂ ಇಲ್ಲ. ತಂದೆ ಅಥವಾ ತಾಯಿ ಸಹ ಸಾಲಗಾರರಾಗಿ ಸಹಿ ಮಾಡಿದರೆ ಸಾಕು. ಶಾಖೆಯ ಸೇವಾವ್ಯಾಪ್ತಿಗೆ ಊರು ಸೇರುವುದಿಲ್ಲ ಎಂಬ ಕಾರಣಕ್ಕೆ ಶೈಕ್ಷಣಿಕ ಸಾಲವನ್ನು ನಿರಾಕರಿಸುವಂತಿಲ್ಲ ಎಂದೂ ರಿಸರ್ವ್ ಬ್ಯಾಂಕ್ ಹೇಳಿದೆ.

ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಕೇಳಿ ಬರಬೇಡಿ. ಬಾಯಿಮಾತಿನ ಕೋರಿಕೆಗೆ ಬಾಯಿಮಾತಿನ ನಿರಾಕರಣೆಯೇ ಸಿಗುತ್ತದೆ, ಅದಕ್ಕೆ ದಾಖಲೆ ಇರುವುದಿಲ್ಲ. ವಿದ್ಯಾಲಕ್ಷ್ಮಿ ಜಾಲತಾಣದಲ್ಲಿ ಅರ್ಜಿ ಹಾಕಿ. ಆಗ ಅರ್ಜಿಗೊಂದು ಸಂಖ್ಯೆ ಸಿಗುತ್ತದೆ, ಬ್ಯಾಂಕು ತನ್ನ ತೀರ್ಮಾನವನ್ನು ದಾಖಲಿಸಬೇಕಾಗುತ್ತದೆ. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ, ಬ್ಯಾಂಕಿನ ದೂರು ವಿಭಾಗಕ್ಕೆ ಬರೆಯಿರಿ. 30 ದಿನಗಳಲ್ಲಿ ಸಮಾಧಾನಕರ ಉತ್ತರ ಬಾರದಿದ್ದರೆ ಗ್ರಾಹಕರ ದೂರು ಪರಿಹರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಕೊಡಬಹುದು, ಶುಲ್ಕವಿಲ್ಲ.

ಬ್ಯಾಂಕಿಗೆ ಹೋಗುವ ಮುಂಚೆ ಇನ್ನೂ ಎರಡು ಕಡೆ ನೋಡಿ. ನೀವು ಹಿಂದುಳಿದ ವರ್ಗಕ್ಕೆ ಸೇರಿದವರಾದರೆ ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮವೂ, ಅಲ್ಪಸಂಖ್ಯಾತರಾದರೆ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮವೂ ಸಿಇಟಿ ಸೀಟು ಪಡೆದವರಿಗೆ ‘ಅರಿವು’ ಸಾಲ ನೀಡುತ್ತವೆ. ಅದರ ದರ ಶೇ 2 ಮಾತ್ರ. ಬ್ಯಾಂಕ್ ಸಾಲಕ್ಕೂ ಇದಕ್ಕೂ ಇರುವ ಅಂತರ ನೋಡಿದರೆ, ನಾಲ್ಕಾರು ಸಲ ಕಚೇರಿಗೆ ಎಡತಾಕಬೇಕಾಗಿ ಬಂದರೂ ಇದನ್ನೇ ಮೊದಲು ಪ್ರಯತ್ನಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು, ಕೇಂದ್ರದ ಬಡ್ಡಿ ಸಹಾಯಧನ. ಕುಟುಂಬದ ಆದಾಯ 4.5 ಲಕ್ಷ ರೂಪಾಯಿಯೊಳಗಿದ್ದು, ನ್ಯಾಕ್ ಅಥವಾ ಎನ್‌ಬಿಎ (ಕಾಲೇಜು, ಕೋರ್ಸ್‌ಗಳ ಗುಣಮಟ್ಟ ಪರಿಶೀಲಿಸುವ ಸಂಸ್ಥೆಗಳು) ಮಾನ್ಯತೆ ಇರುವೆಡೆ ತಾಂತ್ರಿಕ ಅಥವಾ ವೃತ್ತಿಪರ ಕೋರ್ಸ್ ಓದುವವರಿಗೆ ಓದಿನ ಅವಧಿ ಮತ್ತು ಅನಂತರದ ಒಂದು ವರ್ಷದ ಬಡ್ಡಿಯನ್ನು ಸರ್ಕಾರವೇ ಭರಿಸುತ್ತದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಪಿಎಂ ವಿದ್ಯಾಲಕ್ಷ್ಮಿ’ ಯೋಜನೆಯಲ್ಲಿ, ಆಯ್ದ ಉನ್ನತ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವೂ ಜಾಮೀನೂ ಇಲ್ಲದೆ ಸಾಲ ದೊರೆಯುತ್ತದೆ. ಆದಾಯ 8 ಲಕ್ಷದವರೆಗೆ ಇದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇ 3ರಷ್ಟು ರಿಯಾಯಿತಿ ಇದೆ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಜಾಲತಾಣದಲ್ಲಿ ನೋಡಬಹುದು. ಬಡ್ಡಿ ಸಹಾಯಧನ ತಾನಾಗಿ ಬರುವುದಿಲ್ಲ, ಆದಾಯ ಪ್ರಮಾಣಪತ್ರ ಕೊಟ್ಟು ಕೇಳಬೇಕು. ಇದನ್ನು ಶಾಖೆಯವರು ಹೇಳದೇ ಹೋಗುವುದೂ ಉಂಟು.

ಭಯದ ಬಗ್ಗೆ ಬರೆದಿದ್ದೀರಿ. ಭಯಕ್ಕಿಂತ ಲೆಕ್ಕ ಮೇಲು. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ಸಾಲ ಪಡೆದು, ಬಡ್ಡಿ ಶೇ 10 ಎಂದುಕೊಳ್ಳೋಣ. ಓದಿನ ಅವಧಿಯಲ್ಲಿ ಸರಳ ಬಡ್ಡಿ ಬೀಳುತ್ತದೆ. ಮೊದಲ ಲಕ್ಷಕ್ಕೆ ನಾಲ್ಕು ವರ್ಷ, ಎರಡನೆಯದಕ್ಕೆ ಮೂರು, ಹೀಗೆ ಕೂಡಿಸಿದರೆ ಕೋರ್ಸ್ ಮುಗಿಯುವ ಹೊತ್ತಿಗೆ ಬಡ್ಡಿಯೇ 1 ಲಕ್ಷ ರೂಪಾಯಿ. ಕಂತು ಆರಂಭವಾಗುವ ಮುಂಚಿನ ಇನ್ನೊಂದು ವರ್ಷಕ್ಕೆ 40,000. ಅಂದರೆ 5 ಲಕ್ಷ 40 ಸಾವಿರಕ್ಕೆ ಕಂತು ಕಟ್ಟಬೇಕು. ಹತ್ತು ವರ್ಷದ ಅವಧಿಗೆ ತಿಂಗಳಿಗೆ ಸುಮಾರು 7,100 ರೂಪಾಯಿ. ಅದೇ ಬಡ್ಡಿಯನ್ನು ಆಗಾಗಲೇ ಕಟ್ಟಿಕೊಂಡು ಬಂದರೆ, ಅಥವಾ ಸಹಾಯಧನ ಸಿಕ್ಕರೆ, ಕಂತು ಸುಮಾರು 5,300ಕ್ಕೆ ಇಳಿಯುತ್ತದೆ. ಮೊದಲ ವರ್ಷದ ಬಡ್ಡಿ ತಿಂಗಳಿಗೆ 833 ರೂಪಾಯಿ ಮಾತ್ರ. ಮನೆಯಿಂದ ಅಷ್ಟು ಸಾಧ್ಯವಾದರೆ ಕಟ್ಟಿ. ಇನ್ನು ನಿಮ್ಮ ಕಾಲೇಜಿನ ಹಿರಿಯ ವಿದ್ಯಾರ್ಥಿಗಳಲ್ಲಿ ನಡುಮಟ್ಟದ ಅಂಕ ಪಡೆದವರಿಗೆ ಮೊದಲ ಕೆಲಸದಲ್ಲಿ ಎಷ್ಟು ಸಂಬಳ ಸಿಕ್ಕಿದೆ ಎಂದು ಕೇಳಿ ತಿಳಿಯಿರಿ. ಕಾಲೇಜಿನ ಜಾಹೀರಾತಿನಲ್ಲಿರುವುದು ಅತ್ಯಂತ ಹೆಚ್ಚು ಸಂಬಳ ಪಡೆದವರ ಕಥೆ, ನಿಮಗೆ ಬೇಕಾದದ್ದು ಸಾಮಾನ್ಯ ವಿದ್ಯಾರ್ಥಿಯ ಕಥೆ. ಆ ಸಂಬಳದ ಮೂರನೆಯ ಒಂದು ಭಾಗಕ್ಕಿಂತ ಕಂತು ಕಡಿಮೆ ಇದ್ದರೆ ಧೈರ್ಯವಾಗಿ ಸಾಲ ಮಾಡಿ. ಮೊಬೈಲ್ ಆ್ಯಪ್‌ಗಳಲ್ಲಿ ನಿಮಿಷದಲ್ಲಿ ಸಿಗುವ ಸಾಲದ ಕಡೆಗೆ ಮಾತ್ರ ಯಾವ ಕಾರಣಕ್ಕೂ ಹೋಗಬೇಡಿ.

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಬಿ.ಎಸ್ಸಿ. ಮೊದಲ ಸೆಮಿಸ್ಟರ್‌ನಲ್ಲಿ ಭೌತವಿಜ್ಞಾನ, ಗಣಿತ ಎರಡರಲ್ಲೂ ಫೇಲಾಗಿದ್ದೇನೆ. ಪಾಠ ಅರ್ಥವಾಗುತ್ತದೆ, ಇಂಗ್ಲಿಷಿನಲ್ಲಿ ಬರೆಯಲು ಆಗುವುದಿಲ್ಲ. ಮನೆಯಲ್ಲಿ ಹೇಳಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ.
– ಹೆಸರು, ಊರು ಬೇಡ

ಉತ್ತರ: ಮೊದಲು ನಿದ್ದೆಯ ವಿಷಯ. ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಇಂದೇ ಕರೆ ಮಾಡಿ ಮಾತಾಡಿ. ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲಿ ಮಾತಾಡಬಹುದು, ಹಣವಿಲ್ಲ. ಮನೆಯಲ್ಲಿಯೂ ಹೇಳಿಬಿಡಿ. ಎರಡು ವಿಷಯಗಳನ್ನು ಮುಂದಿನ ಪರೀಕ್ಷೆಯಲ್ಲಿ ಮತ್ತೆ ಬರೆದು ಪಾಸಾಗಬಹುದು; ಇಷ್ಟಕ್ಕೆ ಪದವಿ ಕೈತಪ್ಪುವುದಿಲ್ಲ.

ಪಾಠ ಅರ್ಥವಾಗುತ್ತದೆ ಎಂದು ಬರೆದಿದ್ದೀರಿ. ಹಾಗಿದ್ದರೆ ನಿಮ್ಮ ಸಮಸ್ಯೆಯ ಕಷ್ಟದ ಅರ್ಧ ಆಗಲೇ ಮುಗಿದಿದೆ. ಇಂಗ್ಲಿಷ್ ಮಾಧ್ಯಮದ ಕೋರ್ಸ್ ಆದರೂ ಸ್ಥಳೀಯ ಭಾಷೆಯಲ್ಲಿ ಉತ್ತರ ಬರೆಯಲು ವಿದ್ಯಾರ್ಥಿಗಳಿಗೆ ಅವಕಾಶ ಕೊಡಿ ಎಂದು ಯುಜಿಸಿ 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ತಿಳಿಸಿದೆ. ನಿಮ್ಮ ವಿಶ್ವವಿದ್ಯಾಲಯದಲ್ಲಿ ಆ ಅವಕಾಶ ಇದೆಯೇ ಎಂದು ಪ್ರಾಂಶುಪಾಲರನ್ನು ಕೇಳಿ. ಇದ್ದರೆ ಸಂಕೋಚಪಡದೆ ಕನ್ನಡದಲ್ಲೇ ಬರೆಯಿರಿ.

ಇಂಗ್ಲಿಷಿನಲ್ಲೇ ಬರೆಯಬೇಕಾದರೂ ಅದು ನೀವು ಅಂದುಕೊಂಡಷ್ಟು ದೊಡ್ಡ ಇಂಗ್ಲಿಷ್ ಅಲ್ಲ. ಭೌತವಿಜ್ಞಾನದ ಉತ್ತರದಲ್ಲಿ ಚಿತ್ರ, ಸಮೀಕರಣ, ಅವುಗಳ ನಡುವೆ ಕೆಲವೇ ಬಗೆಯ ವಾಕ್ಯಗಳು ಇರುತ್ತವೆ. ‘ಇದನ್ನು ಹೀಗೆ ಭಾವಿಸೋಣ’, ‘ಎರಡೂ ಕಡೆ ಭಾಗಿಸಿದರೆ’, ‘ಆದ್ದರಿಂದ’ ಎಂಬ ಅರ್ಥದ ವಾಕ್ಯಗಳೇ ಮತ್ತೆ ಮತ್ತೆ ಬರುತ್ತವೆ. ಕಳೆದ ನಾಲ್ಕೈದು ವರ್ಷದ ಪ್ರಶ್ನೆಪತ್ರಿಕೆಗಳನ್ನು ಗ್ರಂಥಾಲಯದಿಂದ ಪಡೆದು, ಒಂದು ಅಧ್ಯಾಯದಿಂದ ಕೇಳಿದ ಪ್ರಶ್ನೆಗಳನ್ನೆಲ್ಲ ಒಂದೆಡೆ ಬರೆದುಕೊಳ್ಳಿ. ವಿಷಯವನ್ನು ಮೊದಲು ಕನ್ನಡದಲ್ಲಿ ಗೆಳೆಯರೊಬ್ಬರಿಗೆ ಬಾಯಲ್ಲಿ ವಿವರಿಸಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ಪಾಠ ಇನ್ನೂ ಗಟ್ಟಿಯಾಗಿಲ್ಲ ಎಂದು ತಿಳಿಯುತ್ತದೆ. ಅನಂತರ ಪುಸ್ತಕ ಮುಚ್ಚಿ, ಗಡಿಯಾರ ಇಟ್ಟುಕೊಂಡು, ಒಂದು ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದು ಅಧ್ಯಾಪಕರಿಗೆ ತೋರಿಸಿ. ದಿನಕ್ಕೆ ಒಂದೇ ಉತ್ತರ ಸಾಕು, ಆದರೆ ತಪ್ಪಿಸಬೇಡಿ. ಕೇಳಲು ಬಂದ ಹುಡುಗನನ್ನು ಹಿಂದೆ ಕಳಿಸುವ ಮೇಷ್ಟ್ರು ಕಡಿಮೆ. ಕೇಳಲು ಬಾರದ ಹುಡುಗರೇ ಹೆಚ್ಚು.

‘ಸ್ವಯಂ’ ಜಾಲತಾಣದ ಪಾಠಗಳು ಉಚಿತ. ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷೆಗೆ ಶುಲ್ಕ ಕಟ್ಟಬೇಕು. ಎಂಜಿನಿಯರಿಂಗ್ ಓದುವವರಿಗೆ ಎಐಸಿಟಿಇಯ ‘ಇ-ಕುಂಭ’ದಲ್ಲಿ ಕನ್ನಡದ ಪಠ್ಯಪುಸ್ತಕಗಳೂ ಇವೆ.

ಪ್ರಶ್ನೆ: ಬಿ.ಎ. ಕೊನೆಯ ವರ್ಷ. ಇತಿಹಾಸ, ರಾಜ್ಯಶಾಸ್ತ್ರ, ಕನ್ನಡ ನನ್ನ ವಿಷಯಗಳು. ಬಿ.ಎ. ಓದಿದವರಿಗೆ ಕೆಲಸವಿಲ್ಲ ಎನ್ನುತ್ತಾರೆ. ಧಾರವಾಡಕ್ಕೆ ಹೋಗಿ ಕೋಚಿಂಗ್ ಸೇರಲೇ? ಯುವನಿಧಿ ಸಿಗುತ್ತದೆಯೇ?
– ಓದುಗ, ಶಿವಮೊಗ್ಗ ಜಿಲ್ಲೆ

ಉತ್ತರ: ಧಾರವಾಡದಲ್ಲಿ ಓದಿ ಕೆಲಸ ಪಡೆದವರು ಅನೇಕರಿದ್ದಾರೆ. ಅಲ್ಲಿಯ ರೂಮುಗಳಲ್ಲಿ ಆರೇಳು ವರ್ಷ ಕಳೆದು, ಅಧಿಸೂಚನೆಗಾಗಿ ಕಾದು, ವಯಸ್ಸು ಮೀರಿ ಬರಿಗೈಯಲ್ಲಿ ಊರಿಗೆ ಮರಳಿದವರೂ ಇದ್ದಾರೆ. ಅವರ ಬಗ್ಗೆ ಕೋಚಿಂಗ್ ಕೇಂದ್ರಗಳು ಹೇಳುವುದಿಲ್ಲ. ಸೇರುವುದಾದರೆ ಎಷ್ಟು ಕಾಲ ಎಂದು ಮನೆಯವರೊಂದಿಗೆ ಕುಳಿತು ಈಗಲೇ ತೀರ್ಮಾನಿಸಿ. ಎರಡು ವರ್ಷಕ್ಕಿಂತ ಹೆಚ್ಚು ಬೇಡ ಎಂಬುದು ನನ್ನ ಸಲಹೆ. ಒಂದೇ ಪರೀಕ್ಷೆಯ ಮೇಲೆ ಎಲ್ಲವನ್ನೂ ಹೂಡಬೇಡಿ. ಕೆಪಿಎಸ್‌ಸಿಯ ಎಫ್‌ಡಿಎ, ಎಸ್‌ಡಿಎ ಜೊತೆಗೆ ಗ್ರಾಮೀಣ ಬ್ಯಾಂಕುಗಳ ಮತ್ತು ಬ್ಯಾಂಕ್ ಗುಮಾಸ್ತರ ಪರೀಕ್ಷೆಗಳನ್ನೂ ಈಗ ಕನ್ನಡದಲ್ಲಿ ಬರೆಯಬಹುದು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ 2024ರ ಜನವರಿಯಿಂದ ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯುತ್ತಿದೆ. ನಮ್ಮ ಹುಡುಗರು ಈ ಅವಕಾಶವನ್ನು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ ಎಂಬ ಕೊರಗು ನನಗಿದೆ.

ಬಿ.ಎ. ನಂತರ ಬಿ.ಇಡಿ., ಮೂರು ವರ್ಷದ ಎಲ್‌ಎಲ್‌ಬಿ, ಸಮಾಜಕಾರ್ಯ, ಗ್ರಂಥಾಲಯ ವಿಜ್ಞಾನ ನಿಮ್ಮ ಓದಿಗೆ ಹೊಂದುವ ದಾರಿಗಳು. ಕೂಡಲೇ ಕೆಲಸದ ಅನುಭವ ಬೇಕಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಯೋಜನೆಯಲ್ಲಿ ಹೆಸರು ನೋಂದಾಯಿಸಿ. ಅದು ಎಂಜಿನಿಯರುಗಳಿಗೆ ಮಾತ್ರ ಎಂಬ ತಪ್ಪು ತಿಳಿವಳಿಕೆ ಇದೆ, ಬಿ.ಎ., ಬಿ.ಕಾಂ. ಪದವೀಧರರೂ ಸೇರಬಹುದು, ತಿಂಗಳ ಭತ್ಯೆ ಇರುತ್ತದೆ.

2024ರ ಜನವರಿ 12ರಂದು ನಿಮ್ಮ ಶಿವಮೊಗ್ಗದಲ್ಲೇ ಚಾಲನೆಗೊಂಡ ಯುವನಿಧಿ, ಪಾಸಾದ ಮೇಲೆ 180 ದಿನ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ನೀಡುತ್ತದೆ. ಉನ್ನತ ವ್ಯಾಸಂಗಕ್ಕೆ ಸೇರಿದರೆ ಅಥವಾ ಅಪ್ರೆಂಟಿಸ್ ಭತ್ಯೆ ಬರುತ್ತಿದ್ದರೆ ಸಿಗುವುದಿಲ್ಲ. ಅರ್ಜಿ ಸೇವಾಸಿಂಧು ಜಾಲತಾಣದಲ್ಲಿ.

ಪ್ರಶ್ನೆ: ವಿದ್ಯಾರ್ಥಿವೇತನ ಮಂಜೂರಾಗಿದೆ, 1,500 ರೂಪಾಯಿ ಪ್ರೊಸೆಸಿಂಗ್ ಶುಲ್ಕ ಕಳಿಸಿ ಎಂದು ಒಬ್ಬರು ಕರೆ ಮಾಡಿದರು. ಕಳಿಸಲೇ?
– ವಿದ್ಯಾರ್ಥಿನಿ, ಕೋಲಾರ

ಉತ್ತರ: ಕಳಿಸಬೇಡಿ. ಸರ್ಕಾರದ ಯಾವ ವಿದ್ಯಾರ್ಥಿವೇತನಕ್ಕೂ ಮಂಜೂರಾತಿ ಶುಲ್ಕವಿಲ್ಲ. ಒಟಿಪಿಯನ್ನೂ ಹೇಳಬೇಡಿ. ಈಗಾಗಲೇ ಹಣ ಕಳಿಸಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ.

ಪ್ರಶ್ನೆ: ನಾನು ಸರ್ಕಾರಿ ಪದವಿ ಕಾಲೇಜೊಂದರ ಅಧ್ಯಾಪಕ. ಅರ್ಹತೆ ಇದ್ದೂ ಪ್ರತಿವರ್ಷ ನಮ್ಮ ಹಲವು ಮಕ್ಕಳಿಗೆ ವಿದ್ಯಾರ್ಥಿವೇತನ ತಪ್ಪುತ್ತಿದೆ. ಅಧ್ಯಾಪಕರಾಗಿ ನಾವೇನು ಮಾಡಬಹುದು?
– ಓದುಗ, ರಾಯಚೂರು

ಉತ್ತರ: ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ವಂದನೆ. ಮೊದಲ ತಲೆಮಾರಿನಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮಗುವಿಗೆ ಮನೆಯಲ್ಲಿ ಇದನ್ನೆಲ್ಲ ಹೇಳಿಕೊಡುವವರು ಇರುವುದಿಲ್ಲ, ಸೈಬರ್ ಸೆಂಟರಿನವರೇ ಅವರಿಗೆ ಮಾರ್ಗದರ್ಶಕರು. ಆ ಜಾಗಕ್ಕೆ ಕಾಲೇಜು ಬರಬೇಕು.

ಪ್ರವೇಶದ ದಿನವೇ ಮೂರು ಸಂಗತಿ ನೋಡಿ: ಎಲ್ಲ ದಾಖಲೆಗಳಲ್ಲಿ ಹೆಸರು ಒಂದೇ ಇದೆಯೇ, ಆದಾಯ ಪ್ರಮಾಣಪತ್ರದ ಅವಧಿ ಉಳಿದಿದೆಯೇ, ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ. ಅಂದೇ ತಪ್ಪು ಗೊತ್ತಾದರೆ ಸರಿಪಡಿಸಲು ತಿಂಗಳುಗಳ ಕಾಲಾವಕಾಶ ಇರುತ್ತದೆ. ಇ-ದೃಢೀಕರಣಕ್ಕೆ ವಾರದಲ್ಲಿ ಒಂದು ದಿನ ಗೊತ್ತುಮಾಡಿ ಸೂಚನಾ ಫಲಕದಲ್ಲಿ ಹಾಕಿ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳ ಬಗ್ಗೆ ವಿಶೇಷ ಗಮನ ಬೇಕು. ಕುಟುಂಬದ ಆದಾಯ 2.5 ಲಕ್ಷ ರೂಪಾಯಿಯೊಳಗಿರುವ ಈ ಮಕ್ಕಳಿಗೆ ಶುಲ್ಕ ಮತ್ತು ನಿರ್ವಹಣಾ ಭತ್ಯೆಯ ಹಕ್ಕಿದೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ಪಾಲು 2021-22ರಿಂದ ನೇರವಾಗಿ ಅವರ ಖಾತೆಗೇ ಬರುತ್ತಿದೆ, ಅದರಲ್ಲಿ ಕಾಲೇಜಿನ ಶುಲ್ಕದ ಭಾಗವೂ ಸೇರಿರುತ್ತದೆ. ಇದು ಗೊತ್ತಿಲ್ಲದೆ ಹಣವನ್ನು ಮನೆಯ ಖರ್ಚಿಗೆ ಬಳಸಿ, ಕೊನೆಯಲ್ಲಿ ಶುಲ್ಕ ಬಾಕಿ ಎಂದು ಪರೀಕ್ಷೆಯ ಹೊತ್ತಿಗೆ ಪೇಚಿಗೆ ಸಿಲುಕುವ ಮಕ್ಕಳಿದ್ದಾರೆ. ಮೊದಲೇ ಹೇಳಿಬಿಡಿ. ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ ಈ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರದ ಪ್ರೋತ್ಸಾಹಧನ ಪ್ರತ್ಯೇಕವಾಗಿ ಇದೆ, ಅದಕ್ಕೆ ಬೇರೆ ಅರ್ಜಿ ಹಾಕಬೇಕು ಎಂಬುದನ್ನೂ ಫಲಿತಾಂಶ ಬಂದ ದಿನ ನೆನಪಿಸಿ.

ಕೊನೆಯದಾಗಿ, ಅರ್ಜಿಗಳ ಸ್ಥಿತಿಯನ್ನು ತಿಂಗಳಿಗೊಮ್ಮೆ ತರಗತಿಯಲ್ಲೇ ಎಲ್ಲರಿಂದ ಪರಿಶೀಲಿಸಿ ಬರೆಸಿಕೊಳ್ಳಿ. ತಿರಸ್ಕೃತವಾದವರ ಪಟ್ಟಿಯನ್ನು ಕಾರಣಸಹಿತವಾಗಿ ಪ್ರಾಂಶುಪಾಲರ ಸಹಿಯೊಂದಿಗೆ ಸಂಬಂಧಪಟ್ಟ ಇಲಾಖೆಯ ತಾಲ್ಲೂಕು ಮತ್ತು ಜಿಲ್ಲಾ ಅಧಿಕಾರಿಗಳಿಗೆ ಕಳಿಸಿ. ಒಬ್ಬ ವಿದ್ಯಾರ್ಥಿ ಒಂಟಿಯಾಗಿ ಹೋದರೆ ‘ನಾಳೆ ಬಾ’ ಎನ್ನುವ ಕಚೇರಿ, ಕಾಲೇಜಿನ ಮೊಹರಿರುವ ಪಟ್ಟಿಗೆ ಲಿಖಿತ ಉತ್ತರ ಕೊಡಬೇಕಾಗುತ್ತದೆ.